ಮೂರು ಹುಲಿ, ಮೂರು ಕುರಿಮರಿ

ಕ್ಯೂಬಾದ ಕಾದಂಬರಿಕಾರ ಅಲೆಹೊ ಕಾರ್ಪೆಂಟಿಯರ್ ಬರೆದ ‘ಎಕ್ಸ್‌ಪ್ಲೋಷನ್ ಇನ್ ಎ ಕೆಥೀಡ್ರಲ್’ ಬಹಳ ವರ್ಷಗಳಿಂದ ನನ್ನ ಕಪಾಟಿನಲ್ಲಿದೆ. ಮೊದಲ ಸಲ ಓದುವಾಗ ಅದರ ಉದ್ದುದ್ದ ವಾಕ್ಯಗಳಿಗೆ ಮರುಳಾಗಿ, ಪುಟದ ಅಂಚಿನಲ್ಲಿ ‘ಸ್ಪ್ಯಾನಿಷ್ ಗದ್ಯದ ಗತ್ತು ಇದು’ ಎಂದು ಪೆನ್ಸಿಲಿನಲ್ಲಿ ಗೀಚಿಕೊಂಡಿದ್ದೆ. ಆ ಗೀಚು ಈಗಲೂ ಹಾಗೇ ಇದೆ. 1963ರ ಆ ಇಂಗ್ಲಿಷ್ ಅನುವಾದವನ್ನು ಜಾನ್ ಸ್ಟರಕ್ ಮಾಡಿದ್ದು ಸ್ಪ್ಯಾನಿಷ್ ಮೂಲದಿಂದಲ್ಲ, ಅದರ ಫ್ರೆಂಚ್ ಅನುವಾದದಿಂದ ಎಂಬುದು ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಹಾಗಾದರೆ ನಾನು ಮೆಚ್ಚಿದ ಗತ್ತು ಯಾರದು? ಕಾರ್ಪೆಂಟಿಯರ್ ಅವರದೋ, ಫ್ರೆಂಚ್ ಅನುವಾದಕರದೋ, ಸ್ಟರಕ್ ಅವರದೋ? ಸ್ಪ್ಯಾನಿಷ್ ಬಾರದ ನಾನು ಸ್ಪ್ಯಾನಿಷ್ ಗದ್ಯಕ್ಕೆ ಪ್ರಮಾಣಪತ್ರ ಕೊಟ್ಟಿದ್ದೆ.

ಆ ಕಾದಂಬರಿಯ ಮೂಲ ಹೆಸರಿನ ಅರ್ಥ ‘ಬೆಳಕುಗಳ ಶತಮಾನ’. ಯುರೋಪಿನ ಜ್ಞಾನೋದಯದ ಕಾಲವನ್ನು ಸ್ಪ್ಯಾನಿಷಿನವರು ಕರೆಯುವುದೇ ಹಾಗೆ. ಆ ಬೆಳಕಿನ ಹೆಸರು ಹೇಳಿಕೊಂಡು, ಗಿಲೊಟಿನ್ ಯಂತ್ರವನ್ನು ಹಡಗಿಗೆ ಹೇರಿಸಿ ಕೆರಿಬಿಯನ್ ದ್ವೀಪಗಳಿಗೆ ಬಂದ ವಿಕ್ತರ್ ಯೂಗ್ ಎಂಬ ಚಾರಿತ್ರಿಕ ವ್ಯಕ್ತಿಯ ಸುತ್ತ ಕತೆ ನಡೆಯುತ್ತದೆ. 1794ರಲ್ಲಿ ಗುಲಾಮರ ಬಿಡುಗಡೆಯ ಆಜ್ಞೆಯನ್ನು ಗ್ವಾಡಲೂಪ್ ದ್ವೀಪಕ್ಕೆ ತಂದವನು ಅವನೇ. ಮುಂದೆ ಕಯೆನ್‌ನಲ್ಲಿ ಗುಲಾಮಗಿರಿಯನ್ನು ಮರಳಿ ಹೇರಿದವನೂ ಅವನೇ. ಹೆಸರಿನಲ್ಲಿರುವ ‘ಬೆಳಕು’ ಎಂಬ ಮಾತು ಓದುಗನನ್ನು ಪುಟಪುಟಕ್ಕೂ ಚುಚ್ಚಬೇಕು. ಇಂಗ್ಲಿಷಿನಲ್ಲಿ ಆ ಬೆಳಕನ್ನು ಕೈಬಿಟ್ಟು, ಕಾದಂಬರಿಯೊಳಗೆ ಬರುವ ಒಂದು ಚಿತ್ರಪಟದ ಹೆಸರನ್ನು ಮುಖಪುಟಕ್ಕೆ ಏರಿಸಿದರು. 2023ರಲ್ಲಿ ಏಡ್ರಿಯನ್ ನೇಥನ್ ವೆಸ್ಟ್ ಅವರ ಹೊಸ ಅನುವಾದ ಬಂದಾಗಲೂ ಹೆಸರು ಮಾತ್ರ ಹಳೆಯದೇ ಉಳಿಯಿತು.

ಅನುವಾದಿತ ಪುಸ್ತಕಗಳ ವಿಮರ್ಶೆ ಬರೆಯುವ ನಾವು ಇಂಥ ಸಂಗತಿಗಳನ್ನು ಓದುಗರಿಗೆ ಹೇಳುವುದು ಕಡಿಮೆ. ಕತೆಯ ಸಾರಾಂಶ, ಲೇಖಕನ ದೇಶದ ರಾಜಕೀಯ, ಪಾತ್ರಗಳ ಬಗ್ಗೆ ಎರಡು ಮಾತು. ಕೊನೆಯ ಸಾಲಿನಲ್ಲಿ ‘ಅನುವಾದ ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ’. ನಾನೂ ಈ ಸಾಲನ್ನು ಎಷ್ಟು ಸಲ ಬರೆದಿದ್ದೇನೋ. ಅದರಿಂದ ಓದುಗನಿಗೆ ಸಿಗುವುದು ಏನೂ ಇಲ್ಲ. ಮೂಲದಲ್ಲಿ ಮುಳ್ಳುಮುಳ್ಳಾಗಿದ್ದ ಗದ್ಯ ಅನುವಾದದಲ್ಲಿ ಸರಾಗವಾಗಿದ್ದರೆ ಅದು ಮೆಚ್ಚುವ ಮಾತೂ ಅಲ್ಲ. ಪುಸ್ತಕ ನಮ್ಮ ಕೈಗೆ ಯಾವ ಹಾದಿ ಹಿಡಿದು ಬಂತು, ಹಾದಿಯಲ್ಲಿ ಏನು ಉದುರಿತು, ಏನು ಸೇರಿಕೊಂಡಿತು ಎಂದು ಹೇಳುವುದು ವಿಮರ್ಶಕನ ಮೊದಲ ಕೆಲಸ ಎಂದು ನನಗೀಗ ಅನ್ನಿಸುತ್ತದೆ. ಇದನ್ನು ನನಗೆ ಕಲಿಸಿದ್ದು ಕ್ಯೂಬಾದ ಪುಸ್ತಕಗಳೇ. ಆ ಪುಟ್ಟ ದ್ವೀಪದ ಸಾಹಿತ್ಯ ನಡೆದಿರುವ ಹಾದಿಗಳು ಅಷ್ಟು ವಿಚಿತ್ರವಾಗಿವೆ.

ಹುವಾನ್ ಫ್ರಾನ್ಸಿಸ್ಕೊ ಮನ್ಸಾನೊ ಕ್ಯೂಬಾದಲ್ಲಿ ಗುಲಾಮನಾಗಿ ಹುಟ್ಟಿದ ಕವಿ. ಸಾಹಿತಿ ಮಿತ್ರರ ಒತ್ತಾಯದಿಂದ ಅವನು 1835ರಲ್ಲಿ ತನ್ನ ಜೀವನಕಥೆ ಬರೆದ. ಅದೇ ಮಿತ್ರರು ಹಣ ಕೂಡಿಸಿ ಅವನಿಗೆ ಬಿಡುಗಡೆ ಕೊಡಿಸಿದರು. ಸ್ಪೇನಿನ ಆಳ್ವಿಕೆಯ ಕ್ಯೂಬಾದಲ್ಲಿ ಅಂಥ ಪುಸ್ತಕ ಅಚ್ಚಾಗುವಂತಿರಲಿಲ್ಲ. ಹಸ್ತಪ್ರತಿ ರಿಚರ್ಡ್ ಮ್ಯಾಡನ್ ಎಂಬ ಐರಿಷ್ ವೈದ್ಯನ ಕೈಗೆ ಬಂತು, ಅವನು ಅದನ್ನು ಇಂಗ್ಲಿಷಿಗೆ ತಂದು 1840ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಘಟನೆಗಳ ಕ್ರಮ ಬದಲಿಸಿದ. ಶೀರ್ಷಿಕೆಯಲ್ಲಿ ಕವಿಯ ಹೆಸರಿಲ್ಲ, ‘ಕ್ಯೂಬಾ ದ್ವೀಪದ ಒಬ್ಬ ಗುಲಾಮ’ ಎಂದಷ್ಟೇ ಇತ್ತು. ಸ್ಪ್ಯಾನಿಷ್ ಮೂಲ ಅಚ್ಚಾದದ್ದು 1937ರಲ್ಲಿ. ತೊಂಬತ್ತೇಳು ವರ್ಷ ಜಗತ್ತಿನ ಓದುಗರಿಗೆ ಸಿಗುತ್ತಿದ್ದದ್ದು ಅನುವಾದವೇ.

ಲಿಡಿಯಾ ಕಬ್ರೇರಾ ಅವರದು ಇನ್ನೊಂದು ಬಗೆ. ಹವಾನಾದ ಬಿಳಿಯರ ಸ್ಥಿತಿವಂತ ಮನೆತನದ ಮಗಳು ಆಕೆ. ಆಫ್ರಿಕಾ ಮೂಲದ ಮನೆಗೆಲಸದವರಿಂದ ಬಾಲ್ಯದಲ್ಲಿ ಕೇಳಿದ ಕತೆಗಳನ್ನು ಪ್ಯಾರಿಸಿನಲ್ಲಿ ಕುಳಿತು ಬರೆದರು. ಕ್ಷಯದಿಂದ ಆಸ್ಪತ್ರೆ ಸೇರಿದ್ದ ಗೆಳತಿ, ವೆನಿಜುವೆಲಾದ ಲೇಖಕಿ ತೆರೇಸಾ ದೆ ಲಾ ಪಾರಾ ಅವರ ಮನಸ್ಸು ಹಗುರಾಗಲಿ ಎಂದು ಬರೆದ ಕತೆಗಳು ಅವು. ‘ಕ್ಯೂಬಾದ ಕರಿಯರ ಕತೆಗಳು’ ಎಂಬ ಆ ಸಂಕಲನ ಮೊದಲು ಬಂದದ್ದು 1936ರಲ್ಲಿ, ಫ್ರೆಂಚ್ ಅನುವಾದದಲ್ಲಿ. ಸ್ಪ್ಯಾನಿಷ್ ಪುಸ್ತಕ ಹವಾನಾದಲ್ಲಿ ಹೊರಬರಲು 1940 ಆಗಬೇಕಾಯಿತು. ಇನ್ನು ಆ ಸ್ಪ್ಯಾನಿಷಾದರೂ ‘ಮೂಲ’ವೇ? ಯೊರುಬಾ ಮೊದಲಾದ ಆಫ್ರಿಕನ್ ಭಾಷೆಗಳ ಹಾಡು, ಹೆಸರು, ದೈವಗಳು ಹಡಗಿನ ತಳದಲ್ಲಿ ಸರಪಳಿ ಕಟ್ಟಿಸಿಕೊಂಡು ಬಂದವರ ಬಾಯಲ್ಲಿ ಉಳಿದು ಆಕೆಯ ಸ್ಪ್ಯಾನಿಷಿಗೆ ಇಳಿದಿದ್ದವು. ಬರೆದಾಗಲೇ ಅದು ಅರ್ಧ ಅನುವಾದ.

ಕಾರಣ ಬೇರೆಯಾದರೂ ರೈನಾಲ್ದೊ ಅರೆನಾಸ್ ಅವರ ‘ಎಲ್ ಮುಂದೊ ಅಲುಸಿನಾಂತೆ’ ಕಾದಂಬರಿಗೂ ಇದೇ ಗತಿಯಾಯಿತು. ಕ್ರಾಂತಿಯ ನಂತರದ ಕ್ಯೂಬಾದಲ್ಲಿ ಅದಕ್ಕೆ ಪ್ರಕಟಣೆಯ ಅನುಮತಿ ಸಿಗಲಿಲ್ಲ. ಹಸ್ತಪ್ರತಿ ಗುಟ್ಟಾಗಿ ದೇಶ ದಾಟಿ 1968ರಲ್ಲಿ ಫ್ರೆಂಚಿನಲ್ಲಿ ಬಂತು; ಸ್ಪ್ಯಾನಿಷ್ ಬಂದದ್ದು ಮರುವರ್ಷ, ಮೆಕ್ಸಿಕೊದಿಂದ.

ಮೂಲ ಮೊದಲು, ಅನುವಾದ ಅದರ ನೆರಳು ಎಂದುಕೊಂಡಿದ್ದ ನನಗೆ ಈ ಮೂರೂ ಪುಸ್ತಕಗಳು ಬೇರೆಯೇ ಪಾಠ ಹೇಳಿದವು. ಅದಕ್ಕಿಂತ ದೊಡ್ಡ ಪಾಠ ಹೇಳಿದ್ದು ವಿರ್ಹಿಲಿಯೊ ಪಿನ್ಯೇರಾ.

ಪಿನ್ಯೇರಾ 1912ರಲ್ಲಿ ಕ್ಯೂಬಾದ ಕಾರ್ದೆನಾಸ್‌ನಲ್ಲಿ ಹುಟ್ಟಿದವರು. ಊರಿಗೆ ಮಾಂಸ ಸಿಗದಾದಾಗ ಜನ ತಮ್ಮ ಮೈಯ ಮಾಂಸವನ್ನೇ ಕೊಯ್ದು ತಿನ್ನತೊಡಗುವ ಅವರ ಪುಟ್ಟ ಕತೆಯೊಂದಿದೆ. ಒಂದೇ ಒಂದು ಕೂಗು, ಒಂದು ಹನಿ ಕಣ್ಣೀರು ಇಲ್ಲದೆ, ಪಂಚಾಯಿತಿಯ ನಡಾವಳಿ ಬರೆದಷ್ಟು ತಣ್ಣಗೆ ಬರೆದಿದ್ದಾರೆ. ಒಮ್ಮೆ ಓದಿದವರು ಮರೆಯಲಾರರು. ಈ ಪಿನ್ಯೇರಾ 1946ರಲ್ಲಿ ಬ್ಯೂನಸ್ ಐರಿಸ್‌ಗೆ ಹೋದಾಗ ಅಲ್ಲಿ ಪೋಲೆಂಡಿನ ಲೇಖಕ ವಿತೊಲ್ದ್ ಗೊಂಬ್ರೊವಿಚ್ ಬಡತನದಲ್ಲಿ ದಿನ ತಳ್ಳುತ್ತಿದ್ದರು. 1939ರ ಆಗಸ್ಟ್‌ನಲ್ಲಿ ಹಡಗಿನಲ್ಲಿ ಬಂದಿಳಿದಿದ್ದ ಅವರು, ಯುದ್ಧ ಶುರುವಾಗಿ ಅಲ್ಲೇ ಉಳಿದುಬಿಟ್ಟಿದ್ದರು. ಅವರ ‘ಫೆರ್ದಿದುರ್ಕೆ’ ಪೋಲಿಷ್ ಭಾಷೆಯನ್ನೇ ಹಿಂಡಿ ತಿರುಚಿ ಬರೆದ ಕಾದಂಬರಿ. ಅದನ್ನು ಸ್ಪ್ಯಾನಿಷಿಗೆ ತರಲು ರೆಕ್ಸ್ ಕೆಫೆಯ ಚೆಸ್ ಆಟಗಾರರ ಮಧ್ಯೆ ಒಂದು ಸಮಿತಿ ಕೂಡಿತು. ಪಿನ್ಯೇರಾ ಅದರ ಅಧ್ಯಕ್ಷ. ಸಮಿತಿಯವರಿಗೆ ಪೋಲಿಷ್ ಬಾರದು. ಗೊಂಬ್ರೊವಿಚ್ ಅವರ ಸ್ಪ್ಯಾನಿಷ್ ಅಷ್ಟಕ್ಕಷ್ಟೆ. ಅವರು ತಮ್ಮ ಹರಕುಮುರುಕು ಸ್ಪ್ಯಾನಿಷಿನಲ್ಲಿ ಕರಡು ತರುತ್ತಿದ್ದರು. ಉಳಿದವರು ಒಂದೊಂದು ಪದಕ್ಕೂ ಕಾದಾಡುತ್ತಿದ್ದರು. ಎರಡೂ ಕಡೆಯವರಿಗೆ ತಿಳಿಯುವ ಫ್ರೆಂಚಿನ ಸಹಾಯ ಪಡೆಯುತ್ತಿದ್ದರು. ಸಿಗದಿದ್ದಲ್ಲಿ ಹೊಸ ಪದ ಕಟ್ಟುತ್ತಿದ್ದರು. 1947ರಲ್ಲಿ ಪುಸ್ತಕ ಬಂತು. ಸ್ಪ್ಯಾನಿಷ್ ಸಾಹಿತ್ಯದವರು ಇವತ್ತಿಗೂ ಅದನ್ನು ಪ್ರೀತಿಯಿಂದ ಓದುತ್ತಾರೆ. ಇದೇ ಕಾದಂಬರಿಯ 1961ರ ಇಂಗ್ಲಿಷ್ ಅನುವಾದವೂ ಪೋಲಿಷಿನಿಂದ ನೇರ ಬಂದದ್ದಲ್ಲ. ನೇರ ಅನುವಾದಕ್ಕಾಗಿ ಇಂಗ್ಲಿಷಿನವರು 2000ದವರೆಗೆ, ಡಾನೂಟಾ ಬೋರ್ಹಾರ್ಟ್ ಬರುವವರೆಗೆ, ಕಾಯಬೇಕಾಯಿತು.

ಆದ್ದರಿಂದ ಇನ್ನೊಂದು ಭಾಷೆಯ ಮೂಲಕ ಬಂದ ಅನುವಾದವೆಂದರೆ ಎಂಜಲು ಎಂದು ನಾನು ಹೇಳಲಾರೆ. ಕನ್ನಡಕ್ಕೆ ಬಂದ ಲ್ಯಾಟಿನ್ ಅಮೆರಿಕದ ಸಾಹಿತ್ಯ ಬಹುಪಾಲು ಇಂಗ್ಲಿಷಿನ ಬಾಗಿಲಿಂದಲೇ ಬಂದದ್ದು. ಬಂಕಿಮಚಂದ್ರರಿಗಾಗಿ ಬಂಗಾಳಿ ಕಲಿತು ನೇರ ಅನುವಾದಿಸಿದ ಬಿ. ವೆಂಕಟಾಚಾರ್ಯರಂಥವರು ಸ್ಪ್ಯಾನಿಷಿಗೂ ಸಿಗುವವರೆಗೆ ಹೀಗೇ ನಡೆಯಬೇಕು, ನಡೆಯಲಿ. ನನ್ನ ತಕರಾರು ಇಷ್ಟೇ: ಆ ಬಾಗಿಲಿನ ಅಳತೆಗೆ ನಮ್ಮ ಭಾಷೆಯನ್ನು ಬಗ್ಗಿಸಬೇಕಾಗಿಲ್ಲ. ಇಂಗ್ಲಿಷಿಗೆ ಸಿಗದೆ ಹೋದ ಎಷ್ಟೋ ಪದಗಳು ಕನ್ನಡದ ಹಿತ್ತಲಲ್ಲೇ ಇರುತ್ತವೆ.

ಕಾರ್ಪೆಂಟಿಯರ್ ಅವರ ‘ಈ ಲೋಕದ ರಾಜ್ಯ’ವನ್ನೇ ನೋಡಿ. 1943ರಲ್ಲಿ ಹೈಟಿಗೆ ಹೋಗಿ ಬಂದು, 1949ರಲ್ಲಿ ಪ್ರಕಟಿಸಿದ ಕಾದಂಬರಿ. ಗುಲಾಮ ಮಕಾಂದಾಲ್‌ನ ಕೈ ಕಬ್ಬು ಅರೆಯುವ ಗಾಣಕ್ಕೆ ಸಿಕ್ಕಿ ಹೋಗುತ್ತದೆ, ಅಲ್ಲಿಂದ ದಂಗೆಯ ಕತೆ ಶುರು. ಇಂಗ್ಲಿಷಿನಲ್ಲಿ ಈ ಜಾಗ ಬರೀ ‘ಮಿಲ್’. ಆ ಪದ ಓದಿದರೆ ಚಿಮಣಿಯಿರುವ ಕಾರ್ಖಾನೆ ಕಣ್ಣಿಗೆ ಬರುತ್ತದೆ. ಸ್ಪ್ಯಾನಿಷಿನ ‘ತ್ರಪಿಚೆ’ಯಾದರೋ ಪ್ರಾಣಿಗಳು ಸುತ್ತು ಹಾಕಿ ತಿರುಗಿಸುವ ಉರುಳೆಗಳ ಗಾಣ. ಮಂಡ್ಯದ ಆಲೆಮನೆ ಕಂಡವರಿಗೆ ಅದನ್ನು ವಿವರಿಸಬೇಕಾಗಿಯೇ ಇಲ್ಲ. ಕಬ್ಬಿಗೆ ಸಂಬಂಧಿಸಿದ ಕ್ಯೂಬಾದ ಮಾತುಗಳನ್ನು ಒಂದೊಂದಾಗಿ ತೆಗೆದುಕೊಳ್ಳಿ: ‘ಗ್ವಾರಾಪೊ’ ನಮ್ಮ ಕಬ್ಬಿನ ಹಾಲು, ‘ಮಚೇತೆ’ಗೆ ನಮ್ಮ ಮಚ್ಚು ಇದೆ, ‘ಸಾಫ್ರಾ’ ಎಂಬ ಪದವನ್ನು ಇಂಗ್ಲಿಷಿನವರು ‘ಸಕ್ಕರೆ ಸುಗ್ಗಿ’ ಎಂದು ಎರಡು ಪದ ಜೋಡಿಸಿ ಹೇಳಬೇಕು, ನಮ್ಮ ಪತ್ರಿಕೆಗಳಲ್ಲಿ ಪ್ರತಿ ವರ್ಷ ಬರುವ ‘ಕಬ್ಬು ನುರಿಸುವ ಹಂಗಾಮು’ ಅದೇ ತಾನೆ? 1970ರ ಸಾಫ್ರಾದಲ್ಲಿ ಒಂದು ಕೋಟಿ ಟನ್ ಸಕ್ಕರೆ ತೆಗೆಯುತ್ತೇವೆ ಎಂದು ಕ್ಯೂಬಾ ಇಡೀ ದೇಶವನ್ನೇ ಗದ್ದೆಗಿಳಿಸಿತು, ಎಂಬತ್ತೈದು ಲಕ್ಷಕ್ಕೆ ನಿಂತಿತು. ಆ ಕಾಲದ ಕ್ಯೂಬನ್ ಬರಹದಲ್ಲಿ ‘ಸಾಫ್ರಾ’ ಎಂಬ ಪದ ಬಂದರೆ ಬೆನ್ನು ನೋವೂ ಸೋಲೂ ಅದರೊಳಗೆ ಇರುತ್ತವೆ. ಬಿಲ್ಲಿಗಾಗಿ ಕಾರ್ಖಾನೆಯ ಮುಂದೆ ಧರಣಿ ಕೂತ ನಮ್ಮ ಕಬ್ಬು ಬೆಳೆಗಾರರಿಗೂ ಹಂಗಾಮು ಎಂದರೆ ಬರೀ ಕಾಲಮಾನವಲ್ಲ.

ಲಿಡಿಯಾ ಕಬ್ರೇರಾ ಅವರ ಮಹಾಗ್ರಂಥ ‘ಎಲ್ ಮೊಂತೆ’ 1954ರದ್ದು. ಹೆಸರಿನ ಪದವೇ ಇಂಗ್ಲಿಷಿಗೆ ಬಗ್ಗಲಿಲ್ಲ, 2023ರ ಇಂಗ್ಲಿಷ್ ಅನುವಾದಕ್ಕೂ ಸ್ಪ್ಯಾನಿಷ್ ಹೆಸರೇ ಉಳಿಯಿತು. ಮೊಂತೆ ಎಂದರೆ ಕಾಡು, ಪೊದೆ, ಗುಡ್ಡ. ಜೊತೆಗೆ ದೈವಗಳೂ ಸತ್ತ ಹಿರಿಯರೂ ಇರುವ, ಕಾಣಿಕೆ ಕೊಡದೆ ಎಲೆ ಕೀಳಬಾರದ ಜಾಗ. ಕೊಡಗಿನವರನ್ನು ಕೇಳಿದರೆ ‘ದೇವರಕಾಡು’ ಎಂದಾರು, ಕರಾವಳಿಯವರು ‘ಬನ’ ಎಂದಾರು. ಆ ಕಾಡಿನ ದೊಡ್ಡ ಪವಿತ್ರ ಮರ ಸೇಯ್ಬಾ. ಅದೇ ಜಾತಿಯ ಬಿಳಿ ಬೂರುಗದ ಮರವೊಂದು ಬೆಂಗಳೂರಿನ ಲಾಲ್‌ಬಾಗಿನಲ್ಲಿದೆ; ಆನೆಯ ಮೈಯಂಥ ಅದರ ಬೇರುಗಳ ಮುಂದೆ ಫೋಟೊ ತೆಗೆಸಿಕೊಳ್ಳದವರು ಕಡಿಮೆ. ಇನ್ನು ದೈವ ಬರುವ ಮಾತು. ಇಂಗ್ಲಿಷ್ ಅನುವಾದಗಳಲ್ಲಿ ಇದಕ್ಕೆ ಬಳಸುವ ಪದಕ್ಕೆ ದೆವ್ವ ಹಿಡಿದ ವಾಸನೆಯಿದೆ. ಕ್ಯೂಬಾದ ಭಕ್ತರು ‘ಸಂತ ಇಳಿದ’ ಎನ್ನುತ್ತಾರೆ, ಯಾರ ಮೇಲೆ ಇಳಿದನೋ ಅವರನ್ನು ‘ಕುದುರೆ’ ಎನ್ನುತ್ತಾರೆ. ‘ಮೈಮೇಲೆ ದೇವರು ಬಂತು’ ಎಂದು ಹಳ್ಳಿಹಳ್ಳಿಯಲ್ಲಿ ಆಡುವ ನಮಗೆ ಇಂಗ್ಲಿಷಿನ ಆ ದೆವ್ವವನ್ನು ಕನ್ನಡಕ್ಕೆ ಹೊತ್ತು ತರುವ ಅಗತ್ಯವೇನು? ಹಾಗೆಂದು ಒರಿಷಾ ಎಂಬ ಅವರ ದೈವಗಳನ್ನು ನಮ್ಮ ಕರಾವಳಿಯ ಪಂಜುರ್ಲಿಯನ್ನಾಗಿ ಮಾಡಬಾರದು. ಅವರ ದೈವ ಅವರದೇ. ಆಡುವ ಕ್ರಿಯಾಪದ ಮಾತ್ರ ನಮ್ಮದಿರಲಿ.

ಎಲ್ಲವೂ ಹೀಗೆ ಒಲಿಯುವುದಿಲ್ಲ. ಗಿಯೆರ್ಮೊ ಕಬ್ರೇರಾ ಇನ್ಫಾಂತೆ ಅವರ 1967ರ ಕಾದಂಬರಿ ‘ತ್ರೆಸ್ ತ್ರಿಸ್ತೆಸ್ ತಿಗ್ರೆಸ್’. ಕ್ರಾಂತಿಗೆ ಮುಂಚಿನ, 1958ರ ಹವಾನಾದ ರಾತ್ರಿಗಳು, ಹಾಡುಗಾರರು, ಮಾತಿನ ಮಲ್ಲರು. ಹೆಸರಿನ ಅರ್ಥ ‘ಮೂರು ದುಃಖಿ ಹುಲಿಗಳು’. ಅರ್ಥ ಅಲ್ಲಿ ಮುಖ್ಯವಲ್ಲ. ಸ್ಪ್ಯಾನಿಷ್ ಮಕ್ಕಳು ನಾಲಗೆ ಪಳಗಿಸಲು ಹೇಳುವ ಸಾಲಿನ ಮೊದಲ ಮೂರು ಪದಗಳವು. ಇಂಗ್ಲಿಷ್ ಅನುವಾದದಲ್ಲಿ ಹುಲಿಗಳು ‘ಟ್ರ್ಯಾಪ್ಡ್’ ಆದವು, ಬೋನಿಗೆ ಬಿದ್ದವು. ಸದ್ದು ಉಳಿಯಿತು, ದುಃಖ ಹೋಯಿತು. 1971ರ ಆ ಇಂಗ್ಲಿಷ್ ಪುಸ್ತಕವನ್ನು ಡೊನಾಲ್ಡ್ ಗಾರ್ಡ್‌ನರ್ ಮತ್ತು ಸುಝಾನ್ ಜಿಲ್ ಲೆವೀನ್ ಲೇಖಕರ ಜೊತೆಗೂಡಿ ಮಾಡಿದರು. ಸ್ಪ್ಯಾನಿಷ್ ಶ್ಲೇಷೆ ಸತ್ತಲ್ಲಿ ಬೇರೆ ಇಂಗ್ಲಿಷ್ ಶ್ಲೇಷೆ ಹುಟ್ಟಿಸಿದರು. ಕಾದಂಬರಿಯೊಳಗೆ ಅಮೆರಿಕದ ದಂಪತಿಯ ಊರುಗೋಲಿನ ಕತೆ ಎರಡು ಸಲ ಬರುತ್ತದೆ, ಒಂದು ಒಳ್ಳೆಯ ಅನುವಾದ, ಇನ್ನೊಂದು ಪದಕ್ಕೆ ಪದ ಇಟ್ಟ ಕೆಟ್ಟ ಅನುವಾದ. ಕೆಟ್ಟ ಅನುವಾದವನ್ನು ಕೆಟ್ಟದಾಗಿಯೇ ಚೆನ್ನಾಗಿ ಅನುವಾದಿಸುವುದು ಎಂಥ ಕಷ್ಟ!

ಇದನ್ನು ಕನ್ನಡಕ್ಕೆ ತರುವವರು ಏನು ಮಾಡಬೇಕು? ತರೀಕೆರೆ ಏರಿಯ ಮೇಲೆ ನಮಗೂ ಮೂರು ಪ್ರಾಣಿಗಳಿವೆ, ಕರಿ ಕುರಿಮರಿಗಳು. ನಾಲಗೆ ತೊಡರುವುದರಲ್ಲಿ ಅವೇನೂ ಕಡಿಮೆಯಿಲ್ಲ. ಹೆಸರಿಗೆ ಅವನ್ನು ತಂದರೆ ಆಟ ಉಳಿಯುತ್ತದೆ. ಹವಾನಾದ ರಾತ್ರಿಯಲ್ಲಿ ಅಲೆಯುವ ಹುಲಿಗಳು ಮಾತ್ರ ಮಲೆನಾಡಿನ ಕೆರೆ ಏರಿಯ ಮೇಲೆ ಮೇಯತೊಡಗುತ್ತವೆ. ‘ಮೂರು ದುಃಖಿ ಹುಲಿಗಳು’ ಎಂದರೆ ಹುಲಿ ಉಳಿಯುತ್ತದೆ, ಆಟ ಸಾಯುತ್ತದೆ. ನಾನಾದರೆ ಹುಲಿಗಳನ್ನೇ ಉಳಿಸಿಕೊಂಡು, ಮುನ್ನುಡಿಯಲ್ಲಿ ಕುರಿಮರಿಗಳ ನೆನಪು ಮಾಡುತ್ತೇನೆ. ಇನ್ನೊಬ್ಬರು ಬೇರೆ ನಿರ್ಧಾರ ಮಾಡಬಹುದು. ಆ ನಿರ್ಧಾರವನ್ನು ಎತ್ತಿ ತೋರಿಸಿ ಚರ್ಚಿಸುವುದೇ ವಿಮರ್ಶೆ.

ಪತ್ತೇದಾರಿ, ವೈಜ್ಞಾನಿಕ ಕಾದಂಬರಿಗಳಂಥ ಹಾದಿಬದಿಯ ಸಾಹಿತ್ಯಕ್ಕೆ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಅವನ್ನು ಯಾರೂ ಅಷ್ಟು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಲಿಯೊನಾರ್ದೊ ಪಾದೂರಾ ಅವರ ಪತ್ತೇದಾರ ಮಾರಿಯೊ ಕೊಂದೆಯ ನಾಲ್ಕು ಕಾದಂಬರಿಗಳು 1989ರ ಒಂದೇ ವರ್ಷದ ನಾಲ್ಕು ಋತುಗಳಲ್ಲಿ ನಡೆಯುತ್ತವೆ. ಪೀಟರ್ ಬುಷ್ ಅವರ ಇಂಗ್ಲಿಷ್ ಅನುವಾದಗಳು ಚೆನ್ನಾಗಿವೆ. ಆದರೆ ಪ್ರಕಟಿಸಿದ್ದು ಮೂರನೆಯದರಿಂದ: 2005ರಲ್ಲಿ ಬೇಸಿಗೆ, ಆಮೇಲೆ ಶರತ್ತು, ಚಳಿಗಾಲ, 2008ಕ್ಕೆ ವಸಂತ. ಹೆಸರುಗಳೂ ಹೋಗಿ ‘ಹವಾನಾ ರೆಡ್’, ‘ಹವಾನಾ ಬ್ಲೂ’ ಎಂದು ಬಣ್ಣಗಳಾದವು. ಸೋವಿಯತ್ ಒಕ್ಕೂಟ ಕುಸಿಯುವ ಮುಂಚಿನ ಆ ಒಂದು ವರ್ಷ ಹೇಗೆ ತಿಂಗಳು ತಿಂಗಳಿಗೆ ಬಳಲಿತು ಎಂಬುದು ಕೃತಿಗಳ ಜೀವ; ಋತು ಹಿಂದುಮುಂದಾದರೆ ಅದು ಕೈಗೆ ಸಿಗದು. ಯೊಸ್ ಎಂಬ ಹೆಸರಲ್ಲಿ ಬರೆಯುವ ಲೇಖಕನ ‘ಬಾಡಿಗೆಗೊಂದು ಗ್ರಹ’ದಲ್ಲಿ ಭೂಮಿಯನ್ನು ಅನ್ಯಗ್ರಹದವರು ಪ್ರವಾಸಕ್ಕೆ ಬಾಡಿಗೆ ಹಿಡಿಯುತ್ತಾರೆ. ತೊಂಬತ್ತರ ದಶಕದಲ್ಲಿ ಡಾಲರ್ ಹಿಡಿದು ಬಂದ ಪ್ರವಾಸಿಗರ ಮುಂದೆ ಕ್ಯೂಬಾದ ಜನ ನಿಂತ ಸ್ಥಿತಿ ಗೊತ್ತಿಲ್ಲದವರಿಗೆ ಅದು ಬರೀ ಅಂತರಿಕ್ಷದ ಕತೆ. ಅದನ್ನು ಹೇಳಲು ವಿಮರ್ಶಕನಿಗೆ ಎರಡು ಸಾಲು ಸಾಕು.

ಇಷ್ಟೆಲ್ಲ ಹೇಳಿದ ಮೇಲೂ ಮೂಲ ಭಾಷೆ ಬಾರದ ವಿಮರ್ಶಕ ಅನುವಾದವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೂ ಕ್ಯೂಬಾದಲ್ಲಿ ಹಳೆಯ ಉತ್ತರವೊಂದಿದೆ. ಹವಾನಾದ ಎಲ್ ಫಿಗಾರೊ ಚುರುಟಿನ ಕಾರ್ಖಾನೆಯಲ್ಲಿ 1865ರಲ್ಲಿ ಒಂದು ಪದ್ಧತಿ ಶುರುವಾಯಿತು. ಸಾಲಾಗಿ ಕುಳಿತು ಹೊಗೆಸೊಪ್ಪು ಸುತ್ತುವ ಕಾರ್ಮಿಕರಿಗೆ ಎತ್ತರದ ಪೀಠದಿಂದ ಒಬ್ಬ ಪತ್ರಿಕೆ, ಕಾದಂಬರಿ ಓದಿ ಹೇಳುವುದು. ಓದುವವನ ಸಂಬಳ ಕಾರ್ಮಿಕರು ತಮ್ಮ ಕೂಲಿಯಿಂದ ಕೊಡುತ್ತಿದ್ದರು, ಯಾವ ಪುಸ್ತಕ ಎಂದು ತಾವೇ ಮತ ಹಾಕಿ ತೀರ್ಮಾನಿಸುತ್ತಿದ್ದರು. ಮರುವರ್ಷವೇ ಸ್ಪೇನಿನ ಸರ್ಕಾರ ಇದನ್ನು ನಿಷೇಧಿಸಿತು ಎಂದರೆ ಅದರ ಬಲ ಊಹಿಸಿ. ನಿಷೇಧ ಗೆಲ್ಲಲಿಲ್ಲ, ಕ್ಯೂಬಾದ ಕಾರ್ಖಾನೆಗಳಲ್ಲಿ ಓದು ಇಂದಿಗೂ ಇದೆ. ಹ್ಯೂಗೊ, ಡ್ಯೂಮಾ, ಜೋಲಾ ಎಲ್ಲರೂ ಅಲ್ಲಿಗೆ ಬಂದದ್ದು ಅನುವಾದವಾಗಿ. ಮೊಂತೆಕ್ರಿಸ್ತೊ ಎಂಬ ಪ್ರಸಿದ್ಧ ಚುರುಟಿಗೆ ಆ ಹೆಸರು ಬಂದದ್ದು ಡ್ಯೂಮಾ ಕಾದಂಬರಿಯಿಂದ. ಓದು ಹಿಡಿಸಿದರೆ ಕಾರ್ಮಿಕರು ಎಲೆ ಕತ್ತರಿಸುವ ‘ಚವೇತಾ’ ಎಂಬ ಅಲಗಿನಿಂದ ಹಲಗೆ ಬಡಿಯುತ್ತಾರೆ. ಹಿಡಿಸದಿದ್ದರೆ ಅಲಗು ನೆಲಕ್ಕೆ ಬೀಳುತ್ತದೆ. ಕಬ್ರೇರಾ ಇನ್ಫಾಂತೆ ಕೂಡ ತಮ್ಮ ಕಾದಂಬರಿಯ ಆರಂಭದಲ್ಲಿ, ಇದು ಕ್ಯೂಬಾದ ಆಡುಮಾತಿನಲ್ಲಿದೆ, ಕೆಲವು ಪುಟಗಳನ್ನು ಗಟ್ಟಿಯಾಗಿ ಓದಿಕೊಳ್ಳಿ ಎಂಬ ಅರ್ಥದ ಮಾತು ಹೇಳಿದ್ದಾರೆ.

ನಾನೂ ಈಗ ಅದನ್ನೇ ಮಾಡುತ್ತೇನೆ. ಅನುವಾದಿತ ಪುಸ್ತಕ ಕೈಗೆ ಬಂದರೆ ಮೊದಲು ಯಾವುದಾದರೂ ಮೂರು ಪುಟ ಮನೆಯವರೆದುರು ಗಟ್ಟಿಯಾಗಿ ಓದುತ್ತೇನೆ. ಕನ್ನಡ ಎಲ್ಲಿ ಇಂಗ್ಲಿಷಿನ ಬೆನ್ನ ಮೇಲೆ ಕುಳಿತಿದೆ ಎಂಬುದು ಕಣ್ಣಿಗೆ ಕಾಣದಿದ್ದರೂ ಕಿವಿಗೆ ಕೇಳುತ್ತದೆ. ಆಮೇಲೆ ಆ ಪುಸ್ತಕದ ಎರಡು ಇಂಗ್ಲಿಷ್ ಅನುವಾದಗಳಿದ್ದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡುತ್ತೇನೆ. ಅವು ಎಲ್ಲಿ ಬೇರೆಯಾಗುತ್ತವೋ ಅಲ್ಲಿ ಮೂಲದಲ್ಲಿ ಏನೋ ಗಂಟಿದೆ ಎಂದು ಅರ್ಥ.

2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ಐವತ್ತು ಸಾವಿರ ಪೌಂಡ್ ಬಹುಮಾನ ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲಾಯಿತು. ನಾವೆಲ್ಲ ಹೆಮ್ಮೆಪಟ್ಟೆವು. ಹೊರಗಿನವರು ನಮ್ಮ ಅನುವಾದಕಿಗೆ ಕೊಟ್ಟ ಮರ್ಯಾದೆಯನ್ನು ಹೊರಗಿನ ಪುಸ್ತಕಗಳನ್ನು ನಮಗೆ ತರುವವರಿಗೆ ನಾವೂ ಕೊಡಬೇಡವೇ?

ಪ್ರಕಾಶಕರಲ್ಲಿ ನನ್ನ ವಿನಂತಿ ಇದು: ಅನುವಾದಕರ ಹೆಸರನ್ನು ಮುಖಪುಟದಲ್ಲಿ ಹಾಕಿ. ಮೂಲ ಯಾವ ಭಾಷೆಯದು, ಕನ್ನಡಕ್ಕೆ ತಂದದ್ದು ಯಾವ ಪುಸ್ತಕದಿಂದ, ಆ ನಡುವಿನ ಪುಸ್ತಕದ ಅನುವಾದಕರು ಯಾರು, ಇಷ್ಟನ್ನು ಒಳಪುಟದಲ್ಲಿ ಅಚ್ಚು ಮಾಡಿ. ಇನ್ನು ಮುಂದೆ ಈ ಅಂಕಣದಲ್ಲಿ ಬರುವ ಪ್ರತಿ ಅನುವಾದಿತ ಪುಸ್ತಕದ ಬಗ್ಗೆಯೂ ಆ ವಿವರ ಮೊದಲ ಪ್ಯಾರಾದಲ್ಲೇ ಇರುತ್ತದೆ. ನಾನು ಮರೆತರೆ ಓದುಗರು ಪತ್ರ ಬರೆದು ಕೇಳಬೇಕು.